ಹವಳವಿಲ್ಲದ ಕಡಲು

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಕುರುಚಲು ಗಿಡಗಳಷ್ಟೇ ಬೆಳೆಯುವ ಒಣ ಬಯಲಿನ ನಡುವೆ, ಗ್ವಾಡಲೂಪೆ ಎಂಬ ಬೆಟ್ಟಸಾಲಿದೆ. ಅದರ ದಕ್ಷಿಣದ ತುದಿಯಲ್ಲಿ ಹಡಗಿನ ಮೂತಿಯಂತೆ ಎದ್ದು ನಿಂತ ಕಡಿದಾದ ಗೋಡೆಯ ಹೆಸರು ಎಲ್ ಕ್ಯಾಪಿಟನ್. ಎತ್ತರ 2,400 ಮೀಟರಿಗೂ ಹೆಚ್ಚು. ಸುತ್ತ ನೂರಾರು ಕಿಲೊಮೀಟರ್ ದೂರ ಕಡಲಿಲ್ಲ, ಮಳೆಯೂ ಅಪರೂಪ. ಆದರೆ ಅಲ್ಲಿನ ಕಲ್ಲಿಗೆ ಕಣ್ಣು ತಾಗಿಸಿ ನೋಡಿದರೆ ಸ್ಪಂಜುಗಳು, ಸುಣ್ಣ ಕಟ್ಟುವ ಪಾಚಿಗಳು, ಚಿಪ್ಪಿನ ಜೀವಿಗಳು ಒಂದರ ಮೇಲೊಂದು ಅಂಟಿಕೊಂಡು ಶಿಲೆಯಾಗಿರುವುದು ಕಾಣುತ್ತದೆ. ಸುಮಾರು 26 ಕೋಟಿ ವರ್ಷಗಳ ಹಿಂದೆ ಈ ಬೆಟ್ಟ ಕಡಲೊಳಗಿನ ದಿಬ್ಬವಾಗಿತ್ತು. ಆ ಕಡಲು ಹೊರಗಿನ ಸಾಗರದಿಂದ ಬೇರ್ಪಟ್ಟು ಆವಿಯಾಯಿತು. ದಿಬ್ಬ ಉಪ್ಪಿನ ಪದರಗಳಡಿ ಹೂತುಹೋಯಿತು. ಎಷ್ಟೋ ಕಾಲದ ಮೇಲೆ ನೆಲ ಮೇಲೆದ್ದಾಗ ಅದೂ ಜೊತೆಗೆ ಎದ್ದಿತು.

ಇನ್ನೊಂದು ಬೆಟ್ಟ ಇಟಲಿಯ ಉತ್ತರದಲ್ಲಿದೆ. ಆಲ್ಪ್ಸ್ ಪರ್ವತಶ್ರೇಣಿಯ ಭಾಗವಾದ ಡಾಲಮೈಟ್ಸ್. ಸಂಜೆಯ ಬಿಸಿಲಿಗೆ ಕೆಂಪೇರುವ ಈ ಶಿಖರಗಳನ್ನು 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವು ಹಳೆಯ ಕಡಲ ದಿಬ್ಬಗಳೇ ಎಂದು 1860ರಲ್ಲಿ ವಾದಿಸಿದವನು ಜರ್ಮನಿಯ ಫರ್ಡಿನಾಂಡ್ ಫಾನ್ ರಿಚ್ಟ್‌ಹೋಫೆನ್. ಮುಂದೆ ‘ರೇಷ್ಮೆ ಮಾರ್ಗ’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ್ದೂ ಇವನೇ. ಡಾಲಮೈಟ್ಸ್ ದಿಬ್ಬಗಳ ವಯಸ್ಸು ಸುಮಾರು 24 ಕೋಟಿ ವರ್ಷ.

ಎರಡೂ ಬೆಟ್ಟಗಳನ್ನು ಕಟ್ಟಿದ್ದು ಕಡಲ ಜೀವಿಗಳೇ. ಆದರೆ ಮೊದಲನೆಯದರಲ್ಲಿ ಇದ್ದವರ ವಂಶದವರನ್ನು ಎರಡನೆಯದರಲ್ಲಿ ಹುಡುಕಿದರೆ ಬಹುಪಾಲು ಸಿಗುವುದಿಲ್ಲ. ಇವೆರಡರ ನಡುವಿನ ಕಾಲದ ಕಲ್ಲುಗಳನ್ನು ಚೀನಾದಲ್ಲಿ ನೋಡಿದರೂ, ಕಾಶ್ಮೀರದಲ್ಲಿ ನೋಡಿದರೂ, ಹವಳದ ಸುಳಿವೇ ಇಲ್ಲದ ಪದರಗಳು ಎದುರಾಗುತ್ತವೆ. ಸಾಮೂಹಿಕ ಅಳಿವಿನ ಮಾತು ಬಂದಾಗಲೆಲ್ಲ ನಾವು ಸತ್ತವರ ಲೆಕ್ಕ ಹಾಕುತ್ತೇವೆ: ಶೇಕಡಾ ಇಷ್ಟು ಪ್ರಭೇದ, ಇಷ್ಟು ಕುಟುಂಬ. ಹವಳದ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಸತ್ತ ಮೇಲೆ ಮನೆ ಎಷ್ಟು ಕಾಲ ಖಾಲಿ ಬಿದ್ದಿತ್ತು?

ಊಟವೇ ಬಾಡಿಗೆ

ನಮ್ಮಲ್ಲಿ ಹವಳ ಎಂದಕೂಡಲೇ ನೆನಪಾಗುವುದು ಕರಿಮಣಿಯ ಜೊತೆ ಪೋಣಿಸಿದ ಕೆಂಪು ಮಣಿ, ಇಲ್ಲವೇ ಕುಜದೋಷಕ್ಕೆಂದು ಬೆರಳಿಗೇರಿದ ಉಂಗುರ. ಆ ಒಡವೆಯ ಹವಳಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ. ಅಲ್ಲಿ ಮಬ್ಬುಗತ್ತಲಿನ ಬಂಡೆಸಂದುಗಳಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ. ದ್ವೀಪ ಕಟ್ಟುವ ಹವಳ ಅದರ ದೂರದ ನೆಂಟ.

ದಿಬ್ಬದ ಹವಳವನ್ನು ಹತ್ತಿರದಿಂದ ನೋಡಿದರೆ, ಪ್ರತಿ ಕುಣಿಯೊಳಗೂ ಕೆಲವೇ ಮಿಲಿಮೀಟರ್ ಅಗಲದ ಒಂದು ಮೆದು ಜೀವಿ. ಬಾಯಿ, ಬಾಯಿಯ ಸುತ್ತ ಕುಚ್ಚಿನಂಥ ಕೈಗಳು, ಅಷ್ಟೇ. ಅದು ನೀರಿನಲ್ಲಿ ಕರಗಿದ ಸುಣ್ಣದಂಶವನ್ನು ಹೀರಿ ತನ್ನ ಅಡಿಗೆ ತಾನೇ ಪೀಠ ಕಟ್ಟಿಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ಅದರ ಮೇಲೆ ಕಟ್ಟುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ದಿಬ್ಬವಾಗುತ್ತದೆ.

ಇಷ್ಟು ದೊಡ್ಡ ಕಟ್ಟಡಕ್ಕೆ ಬೇಕಾದ ಶಕ್ತಿ ಆ ಪುಟ್ಟ ಜೀವಿಗೆ ಸಿಗುವುದು ಅದರ ಜೀವಕೋಶಗಳೊಳಗೆ ವಾಸಿಸುವ ಸೂಕ್ಷ್ಮ ಪಾಚಿಯಿಂದ. ಪಾಚಿಗೆ ಹವಳ ಮನೆ ಕೊಡುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಊಟವನ್ನೇ ಬಾಡಿಗೆಯಾಗಿ ಕೊಡುತ್ತದೆ. ಎಷ್ಟೋ ಹವಳಗಳಿಗೆ ಬೇಕಾದ ಶಕ್ತಿಯ ಶೇ 90ರಷ್ಟು ಬರುವುದು ಇದರಿಂದಲೇ. ಹವಳಕ್ಕೆ ಬಣ್ಣ ಕೊಡುವುದರಲ್ಲೂ ಈ ಬಾಡಿಗೆದಾರನ ಪಾಲು ದೊಡ್ಡದು. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಕೆಲವು ವಾರ ನಿಂತರೆ ಸಾಕು, ಹವಳ ಪಾಚಿಯನ್ನು ಹೊರಗೆ ತಳ್ಳುತ್ತದೆ. ಮೆದು ಮೈಯೊಳಗಿನ ಬಿಳಿ ಅಸ್ಥಿ ಕಾಣತೊಡಗುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ; ಇಲ್ಲದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ.

ಕಡಲ ತಳದಲ್ಲಿ ಶೇ 1ಕ್ಕಿಂತಲೂ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳನ್ನು ಕಡಲ ಜೀವಿಗಳಲ್ಲಿ ಸುಮಾರು ಕಾಲುಭಾಗ ಪ್ರಭೇದಗಳು ಬದುಕಿನ ಯಾವುದೋ ಹಂತದಲ್ಲಿ ಆಶ್ರಯಿಸುತ್ತವೆ. ಮೀನಿಗೆ ಮರಿ ಮಾಡುವ ಜಾಗ, ಏಡಿಗೆ ಅಡಗುವ ಸಂದು, ಶಂಖಕ್ಕೆ ಮೇಯುವ ಬಯಲು ಎಲ್ಲ ಇಲ್ಲೇ. ಇಂಥ ಊರಿಗೆ ಮೂರು ಅನುಕೂಲ ಒಟ್ಟಿಗೇ ಬೇಕು: ಹದವಾದ ಬಿಸಿ, ತಿಳಿಯಾದ ಬೆಳಕು, ಸುಣ್ಣ ಕಟ್ಟಲು ಒಗ್ಗುವ ನೀರು. ಒಂದು ತಪ್ಪಿದರೂ ಕಟ್ಟಡದ ಕೆಲಸ ನಿಲ್ಲುತ್ತದೆ. ಭೂಮಿಯ ಚರಿತ್ರೆಯಲ್ಲಿ ಹಲವು ಸಲ ಒಂದಕ್ಕಿಂತ ಹೆಚ್ಚು ಒಟ್ಟಿಗೆ ತಪ್ಪಿವೆ.

ಮೇಸ್ತ್ರಿಗಳು ಬದಲಾದರು

ದಿಬ್ಬ ಕಟ್ಟುವ ಗುತ್ತಿಗೆ ಯಾವಾಗಲೂ ಹವಳದ ಕೈಯಲ್ಲೇ ಇರಲಿಲ್ಲ. ಸುಮಾರು 52 ಕೋಟಿ ವರ್ಷಗಳ ಹಿಂದೆ ಈ ಕೆಲಸ ಮಾಡಿದ್ದು ಆರ್ಕಿಯೊಸಯಾತ್ ಎಂಬ, ಲೋಟದ ಆಕಾರದ ಸ್ಪಂಜುಗಳು. ಸೈಬೀರಿಯಾದಿಂದ ಅಂಟಾರ್ಕ್ಟಿಕದವರೆಗೆ ಇವುಗಳ ಪಳೆಯುಳಿಕೆ ಸಿಕ್ಕಿದೆ. ಒಂದೆರಡು ಕೋಟಿ ವರ್ಷಗಳೊಳಗೆ ಅವು ಹೆಚ್ಚುಕಡಿಮೆ ಪೂರ್ತಿ ಅಳಿದವು. ಆಮೇಲೆ ಬಹುಕಾಲ ಪ್ರಾಣಿಗಳು ಕಟ್ಟಿದ ದೊಡ್ಡ ದಿಬ್ಬಗಳಿಲ್ಲ. ಸೂಕ್ಷ್ಮಜೀವಿಗಳ ಅಂಟಿನಿಂದಾದ ಗುಪ್ಪೆಗಳೇ ಹೆಚ್ಚು.

ನಂತರ ಬಂದವು ಎರಡು ಬಗೆಯ ಹವಳಗಳು. ಕೊಂಬಿನಾಕಾರದ ಒಂಟಿ ಹವಳಗಳಿಗೆ ಹೆಸರಾದ ರುಗೋಸಾ, ಜೇನುಹಲ್ಲೆಯಂತೆ ಗುಂಪಾಗಿ ಬೆಳೆಯುವ ಟ್ಯಾಬುಲಾಟಾ. ಸ್ಟ್ರೊಮಾಟೊಪೊರಾಯ್ಡ್ ಎಂಬ ಗಟ್ಟಿ ಸ್ಪಂಜುಗಳ ಜೊತೆ ಸೇರಿ ಇವು ಡಿವೋನಿಯನ್ ಯುಗದಲ್ಲಿ ಕಟ್ಟಿದ ದಿಬ್ಬಗಳು ಭೂಮಿಯ ಇತಿಹಾಸದಲ್ಲೇ ಅತಿ ವಿಸ್ತಾರವಾದವುಗಳ ಸಾಲಿಗೆ ಸೇರುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಲೆನಾರ್ಡ್ ನದಿ ಅಂಥದೊಂದು ದಿಬ್ಬವನ್ನು ಸೀಳಿ ಹರಿಯುತ್ತದೆ. ಆ ಸೀಳಿಗೆ ವಿಂಜಾನಾ ಕಮರಿ ಎಂದು ಹೆಸರು. ಇಕ್ಕೆಲದ ಗೋಡೆಗಳಲ್ಲಿ ದಿಬ್ಬದ ಒಡಲು ಉದ್ದಕ್ಕೂ ಕಾಣುತ್ತದೆ.

ಆ ಕಾಲದ ಹವಳಗಳು ಒಂದು ವಿಚಿತ್ರ ದಾಖಲೆಯನ್ನೂ ಬಿಟ್ಟುಹೋಗಿವೆ. ಹವಳ ದಿನಕ್ಕೊಂದು ಸಣ್ಣ ಗೆರೆ, ವರ್ಷಕ್ಕೊಂದು ದೊಡ್ಡ ಪಟ್ಟಿ ಬರೆಯುತ್ತ ಬೆಳೆಯುತ್ತದೆ. ಅಮೆರಿಕದ ಜಾನ್ ವೆಲ್ಸ್ ಎಂಬ ವಿಜ್ಞಾನಿ ಡಿವೋನಿಯನ್ ಹವಳಗಳ ಈ ಗೆರೆಗಳನ್ನು ಎಣಿಸಿ 1963ರಲ್ಲಿ ಪ್ರಕಟಿಸಿದರು. ವರ್ಷವೊಂದಕ್ಕೆ ಸುಮಾರು 400 ಗೆರೆ! ಚಂದ್ರನ ಸೆಳೆತದಿಂದ ಭೂಮಿಯ ತಿರುಗಾಟ ನಿಧಾನವಾಗುತ್ತ ಬಂದಿದೆಯೆಂದು ಖಗೋಳಜ್ಞರು ಮೊದಲೇ ಲೆಕ್ಕ ಹಾಕಿದ್ದರು. ಆಗಿನ ದಿನ ಈಗಿನದಕ್ಕಿಂತ ಎರಡು ಗಂಟೆಯಷ್ಟು ಚಿಕ್ಕದಾಗಿತ್ತು ಎಂಬುದಕ್ಕೆ ಹವಳ ಸಾಕ್ಷಿ ಹೇಳಿತು.

ಸುಮಾರು 37.2 ಕೋಟಿ ವರ್ಷಗಳ ಹಿಂದೆ ಈ ದೊಡ್ಡ ದಿಬ್ಬಗಳ ಕಾಲ ಮುಗಿಯಿತು. ಕಡಲಿನಲ್ಲಿ ಪದೇ ಪದೇ ಆಮ್ಲಜನಕ ಕುಸಿದ ಗುರುತಾಗಿ ಕಪ್ಪು ಕೆಸರಿನ ಪದರಗಳು ಉಳಿದಿವೆ, ತಾಪಮಾನವೂ ಏರುಪೇರಾಗಿತ್ತು. ಅದೇ ಯುಗದಲ್ಲಿ ನೆಲದ ಮೇಲೆ ಮೊದಲ ಕಾಡುಗಳು ಹರಡಿದ್ದವು. ಅವುಗಳ ಬೇರು ಸಡಿಲಿಸಿದ ಮಣ್ಣು ಕಡಲಿಗೆ ಅತಿಯಾದ ಗೊಬ್ಬರ ಹರಿಸಿತು ಎಂಬ ವಾದವೂ ಇದೆ. ರುಗೋಸಾ, ಟ್ಯಾಬುಲಾಟಾಗಳ ಕೆಲವು ವಂಶಗಳು ಬದುಕುಳಿದರೂ ಅಂಥ ದಿಬ್ಬಗಳನ್ನು ಅವು ಮತ್ತೆಂದೂ ಕಟ್ಟಲಿಲ್ಲ. ಸುಮಾರು 10 ಕೋಟಿ ವರ್ಷಗಳ ನಂತರ ಎಲ್ ಕ್ಯಾಪಿಟನ್ ಎದ್ದಾಗ ಅಲ್ಲಿನ ಮುಖ್ಯ ಮೇಸ್ತ್ರಿಗಳು ಸ್ಪಂಜು ಮತ್ತು ಪಾಚಿ. ಹವಳದ್ದು ಕೈಯಾಳಿನ ಪಾತ್ರ.

ಸೈಬೀರಿಯಾದ ಬೆಂಕಿ

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೈಶಾನ್‌ನಲ್ಲಿ ಹಳೆಯದೊಂದು ಸುಣ್ಣದಕಲ್ಲಿನ ಗಣಿ ಇದೆ. ಅಲ್ಲಿನ ಪದರಗಳಿಗೆ ವಿಜ್ಞಾನಿಗಳು ಪುಸ್ತಕದ ಪುಟಗಳಂತೆ ಸಂಖ್ಯೆ ಹಾಕಿದ್ದಾರೆ. 24ನೇ ಪದರದವರೆಗೆ ಕಲ್ಲಿನ ತುಂಬ ಜೀವ. ಅದರ ಮೇಲೆ 25ನೆಯದು: ಜ್ವಾಲಾಮುಖಿಯ ಬೂದಿಯಿಂದಾದ, ಕೆಲವೇ ಸೆಂಟಿಮೀಟರ್ ದಪ್ಪದ ಬಿಳಿಜೇಡಿ. ಅಲ್ಲಿಂದ ಮೇಲಕ್ಕೆ ಜೀವಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ಬೂದಿಯಲ್ಲಿ ಸಿಕ್ಕ ಜಿರ್ಕಾನ್ ಹರಳುಗಳ ವಯಸ್ಸು ಅಳೆದು ನೋಡಿದಾಗ ಈ ಅಳಿವು 25.19 ಕೋಟಿ ವರ್ಷಗಳ ಹಿಂದೆ, ಸರಿಸುಮಾರು 60 ಸಾವಿರ ವರ್ಷಗಳ ಅಂತರದಲ್ಲಿ ನಡೆದಿದೆಯೆಂದು ತಿಳಿಯಿತು. ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಶುರುವಾಗುವ ಗೆರೆಯನ್ನು ಜಗತ್ತಿಗೆಲ್ಲ ಒಂದೇ ಕಡೆ ಎಳೆಯಬೇಕಾಗಿ ಬಂದಾಗ, 2001ರಲ್ಲಿ, ಮೈಶಾನ್ ಆಯ್ಕೆಯಾಯಿತು. ಸ್ಪರ್ಧೆಯಲ್ಲಿ ಭಾರತದ ಜಾಗವೂ ಇತ್ತು: ಶ್ರೀನಗರದ ಹೊರವಲಯದ ಖೊನ್‌ಮೊಹ್ ಬಳಿಯ ಗುರ್ಯುಲ್ ಕಣಿವೆ. ಅದೇ ಮಹಾ ಅಳಿವಿನ ಗೆರೆ ಅಲ್ಲಿಯೂ ಕಲ್ಲಿನಲ್ಲಿದೆ. ಸುತ್ತಲಿನ ಕಲ್ಲುಗಣಿಗಾರಿಕೆಯಿಂದ ಅದನ್ನು ಕಾಯಬೇಕೆಂದು ಭೂವಿಜ್ಞಾನಿಗಳು ಬಹುಕಾಲದಿಂದ ಕೇಳುತ್ತಲೇ ಇದ್ದಾರೆ.

ಕಾರಣ ದೂರದ ಸೈಬೀರಿಯಾದಲ್ಲಿತ್ತು. ಅಲ್ಲಿ ನೆಲ ಬಿರಿದು ಲಕ್ಷಾಂತರ ವರ್ಷ ಲಾವಾ ಉಕ್ಕಿತು. ಬರೀ ಲಾವಾ ಹರಿದಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲವೇನೋ. ಮೇಲೆ ಬರುವ ದಾರಿಯಲ್ಲಿ ಅದು ಕಲ್ಲಿದ್ದಲು, ಎಣ್ಣೆ, ಉಪ್ಪಿನ ನಿಕ್ಷೇಪಗಳ ನಡುವೆ ನುಗ್ಗಿ ಅವನ್ನು ಬೇಯಿಸಿತು. ಅಪಾರ ಇಂಗಾಲದ ಡೈಆಕ್ಸೈಡ್, ಮೀಥೇನ್ ಗಾಳಿ ಸೇರಿದವು.

ಕಡಲಿಗೆ ಬಿದ್ದದ್ದು ಮೂರು ಏಟು. ಮೊದಲನೆಯದು ಬಿಸಿ. ಉಷ್ಣವಲಯದ ಕಡಲ ಮೇಲ್ಮೈ ಸುಮಾರು 10 ಡಿಗ್ರಿಯಷ್ಟು ಕಾದಿತು. ಕೊನೊಡಾಂಟ್ ಎಂಬ ಈಲಿನಂಥ ಜೀವಿಯ ಹಲ್ಲುಗಳಲ್ಲಿ ಉಳಿದ ಆಮ್ಲಜನಕದ ಐಸೊಟೋಪ್‌ಗಳಿಂದ ಅಂದಿನ ತಾಪಮಾನ ಅಳೆದ 2012ರ ಅಧ್ಯಯನವೊಂದರ ಪ್ರಕಾರ, ಅಳಿವಿನ ನಂತರದ ಕಾಲದಲ್ಲಿ ಕೆಲವೊಮ್ಮೆ ಮೇಲ್ಮೈ ನೀರು 40 ಡಿಗ್ರಿಯ ಸಮೀಪಕ್ಕೆ ಹೋಗಿತ್ತು. ಹಂಡೆಯಿಂದ ತೋಡಿ, ತಣ್ಣೀರು ಬೆರೆಸಿ ಹದ ಮಾಡಿಕೊಂಡ ಸ್ನಾನದ ನೀರಿನಷ್ಟು ಬಿಸಿ.

ಎರಡನೆಯದು ಉಸಿರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಅದೇ ಹೊತ್ತಿಗೆ ಬಿಸಿಯಲ್ಲಿ ಪ್ರಾಣಿಗಳಿಗೆ ಬೇಕಾಗುವ ಆಮ್ಲಜನಕ ಹೆಚ್ಚು. ಜಸ್ಟಿನ್ ಪೆನ್, ಕರ್ಟಿಸ್ ಡಾಯ್ಚ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ಕಡಲಿನ ಅಳಿವಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಎರಡೇ ಕಾರಣಗಳಿಂದ ವಿವರಿಸಬಹುದು.

ಮೂರನೆಯದು ಸುಣ್ಣದ ಸಂಕಟ. ನಮ್ಮ ಎಷ್ಟೋ ಮನೆಗಳ ಅಡುಗೆಮನೆಗೆ ಹಾಸಿರುವುದು ಶಹಾಬಾದ್ ಕಲ್ಲು. ಅದರ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಹುಳಿ ಸುಣ್ಣವನ್ನು ತಿನ್ನುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗಲೂ ಒಂದು ಮೆಲು ಆಮ್ಲ ಹುಟ್ಟುತ್ತದೆ. ಕಡಲೇನೂ ನಿಂಬೆರಸವಾಗುವುದಿಲ್ಲ. ಆದರೆ ಅಸ್ಥಿ ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ, ಹವಳ ಅಷ್ಟೇ ಗೋಡೆಗೆ ಮೊದಲಿಗಿಂತ ಹೆಚ್ಚು ಶ್ರಮ ಸುರಿಯಬೇಕಾಗುತ್ತದೆ. (ಆ ಶಹಾಬಾದ್ ಕಲ್ಲೂ ಕಡಲ ಕೂಸೇ. ಆದರೆ ಭೀಮಾ ತೀರದ ಆ ಸುಣ್ಣದಕಲ್ಲು ನೀರಡಿ ಕೂತಾಗ ಜಗತ್ತಿನಲ್ಲಿ ಇನ್ನೂ ಹವಳವೇ ಹುಟ್ಟಿರಲಿಲ್ಲ.)

ಕಡಲ ಪ್ರಭೇದಗಳಲ್ಲಿ ಅಳಿದವು ಶೇ 80ಕ್ಕೂ ಹೆಚ್ಚು ಎಂಬುದು ಈಚಿನ ಲೆಕ್ಕ. ಹಳೆಯ ಅಂದಾಜುಗಳು ಶೇ 96ರವರೆಗೂ ಹೋಗುತ್ತವೆ. ರುಗೋಸಾ ಹವಳ ಪೂರ್ತಿ ಹೋಯಿತು. ಟ್ಯಾಬುಲಾಟಾ ಪೂರ್ತಿ ಹೋಯಿತು. ಇಪ್ಪತ್ತೈದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಕಡಲಲ್ಲಿ ಬದುಕಿದ್ದ ಟ್ರೈಲೊಬೈಟ್‌ಗಳಲ್ಲಿ ಉಳಿದಿದ್ದ ಕೊನೆಯವೂ ಹೋದವು. ದಪ್ಪ ಸುಣ್ಣದ ಅಸ್ಥಿ ಕಟ್ಟಿಕೊಂಡು ಒಂದೇ ಕಡೆ ಕೂತು ಬದುಕುವ ಜೀವಿಗಳಿಗೆ ಹೆಚ್ಚು ಹೊಡೆತ. ಓಡಾಡುವ, ಚುರುಕು ಉಸಿರಾಟದ ಜೀವಿಗಳಿಗೆ ತುಸು ಕಡಿಮೆ.

ಅಳಿವು ಕಡಲಿನ ಯಜಮಾನಿಕೆಯನ್ನೇ ಬದಲಿಸಿತು. ಅಲ್ಲಿಯವರೆಗೆ ಕಡಲ ತಳದಲ್ಲಿ ಬ್ರಾಕಿಯೊಪಾಡ್ ಎಂಬ ಚಿಪ್ಪುಜೀವಿಗಳದ್ದೇ ಮೆರೆದಾಟ. ಅಳಿವಿನ ನಂತರ ಅವು ಚೇತರಿಸಿಕೊಳ್ಳಲಿಲ್ಲ. ಆ ಜಾಗಕ್ಕೆ ಜೋಡಿಚಿಪ್ಪಿನ ಮೃದ್ವಂಗಿಗಳು, ಶಂಖಗಳು ಬಂದವು. ಇಂದು ಮಂಗಳೂರಿನಲ್ಲಿ ಮರುವಾಯಿ ಸುಕ್ಕ ತಿನ್ನುವವರಿಗೂ, ಕಾರವಾರದಲ್ಲಿ ತಿಸ್ರೆ ಆಯುವವರಿಗೂ ಗೊತ್ತಿರಲಿಕ್ಕಿಲ್ಲ, ಆ ಚಿಪ್ಪುಗಳ ಪೂರ್ವಜರಿಗೆ ಕಡಲು ಬಿಟ್ಟುಕೊಟ್ಟದ್ದು ಸೈಬೀರಿಯಾದ ಬೆಂಕಿ.

ಬೆತ್ತಲೆ ಹವಳ

ಅಳಿವಿನ ನಂತರದ ಕಲ್ಲುಗಳಲ್ಲಿ ಕಾಣುವುದೇನು? ಹಲವು ಕಡೆ ಸೂಕ್ಷ್ಮಜೀವಿಗಳ ಲೋಳೆಯಿಂದಾದ ಪದರಗಳು. ಬಹುಕಾಲದ ಹಿಂದೆ, ಮೇಯುವ ಪ್ರಾಣಿಗಳೇ ಹುಟ್ಟದಿದ್ದಾಗ, ಕಡಲ ತಳವನ್ನು ಆಳುತ್ತಿದ್ದ ಜೀವಿಗಳಿವು. ಮೇಯುವವರು ಸತ್ತಾಗ ಹಳೆಯ ದೊರೆಗಳು ಮರಳಿದರು. ಕ್ಲಾರಾಯಾ ಎಂಬ ತೆಳುಚಿಪ್ಪಿನ ಒಂದೇ ಜೀವಿ ಕಾಶ್ಮೀರದಿಂದ ಆಲ್ಪ್ಸ್‌ವರೆಗೆ ಹಾಳು ಊರಿನ ಕಳೆಯಂತೆ ಹಬ್ಬಿತು. ಕೆಲವು ಸ್ಪಂಜುಗಳು ಅಲ್ಲಲ್ಲಿ ಸಣ್ಣ ಗುಪ್ಪೆ ಕಟ್ಟಿದವು. ಹವಳ ಮಾತ್ರ ಎಲ್ಲಿಯೂ ಇಲ್ಲ.

ಹೀಗೆ ಕನಿಷ್ಠ 50 ಲಕ್ಷ ವರ್ಷ ಕಳೆಯಿತು. ಆಮೇಲೆ, ಟ್ರಯಾಸಿಕ್ ಯುಗದ ನಡುಭಾಗದಲ್ಲಿ, ಹವಳ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ಹಳೆಯ ಹವಳವಲ್ಲ ಅದು. ಅಸ್ಥಿಯ ಜೋಡಣೆ ಬೇರೆ, ಸುಣ್ಣದ ಹರಳಿನ ಬಗೆಯೇ ಬೇರೆ: ಹಳೆಯವು ಕ್ಯಾಲ್ಸೈಟ್‌ನಲ್ಲಿ ಕಟ್ಟುತ್ತಿದ್ದವು, ಹೊಸವು ಅರಗೊನೈಟ್‌ನಲ್ಲಿ ಕಟ್ಟಿದವು. ಸ್ಕ್ಲೆರಾಕ್ಟೀನಿಯಾ ಎಂದು ಹೆಸರಾದ ಇವೇ ಇಂದಿನ ಎಲ್ಲ ದಿಬ್ಬದ ಹವಳಗಳ ಪೂರ್ವಜರು. ಸೋಜಿಗವೆಂದರೆ, ಮೊದಲ ಸಲ ಕಾಣಿಸಿಕೊಂಡಾಗಲೇ ಇವುಗಳಲ್ಲಿ ಹಲವು ಬಗೆಗಳಿದ್ದವು. ಅಂದರೆ ವಂಶ ಅದಕ್ಕಿಂತ ಎಷ್ಟೋ ಹಳೆಯದು. ಹಾಗಾದರೆ ಆ 50 ಲಕ್ಷ ವರ್ಷ ಎಲ್ಲಿದ್ದವು?

ಜಾರ್ಜ್ ಸ್ಟ್ಯಾನ್ಲಿ ಮತ್ತು ಡ್ಯಾಫ್ನಿ ಫಾಟಿನ್ 2001ರಲ್ಲಿ ಒಂದು ಉತ್ತರ ಮುಂದಿಟ್ಟರು: ಅಸ್ಥಿಯಿಲ್ಲದೆ, ಬೆತ್ತಲೆಯಾಗಿ ಇದ್ದವು. ಮೆದು ಮೈ ಕಲ್ಲಾಗುವುದಿಲ್ಲ, ಹಾಗಾಗಿ ಗುರುತು ಉಳಿದಿಲ್ಲ. ಕೇಳಲು ಇದು ಜಾಣತನದ ಊಹೆಯಂತೆ ಇತ್ತು. 2007ರಲ್ಲಿ ಇಸ್ರೇಲಿನ ಮಾವೊಝ್ ಫೈನ್ ಮತ್ತು ಡಾನ್ ಚೆರ್ನೋವ್ ಮೆಡಿಟರೇನಿಯನ್ನಿನ ಎರಡು ಬಗೆಯ ಹವಳಗಳನ್ನು ಆಮ್ಲೀಯತೆ ಹೆಚ್ಚಿಸಿದ ನೀರಿನ ತೊಟ್ಟಿಯಲ್ಲಿಟ್ಟು ನೋಡಿದರು. ಅಸ್ಥಿ ಕರಗಿಹೋಯಿತು. ಹವಳ ಸಾಯಲಿಲ್ಲ. ಪುಟ್ಟ ಬೆತ್ತಲೆ ಜೀವಿಗಳಾಗಿ ಬಂಡೆಗೆ ಅಂಟಿಕೊಂಡು ತಿಂದುಂಡು ಬದುಕಿದವು. ಸುಮಾರು ಒಂದು ವರ್ಷದ ನಂತರ ಮಾಮೂಲಿ ಕಡಲನೀರಿಗೆ ಮರಳಿಸಿದಾಗ ಮತ್ತೆ ಅಸ್ಥಿ ಕಟ್ಟತೊಡಗಿದವು.

ಇದನ್ನು ಓದಿದವರಿಗೆ ಹವಳ ಸಾವನ್ನೇ ಗೆದ್ದಿತೆನಿಸಬಹುದು. ಹವಳದ ಮಟ್ಟಿಗೆ ಅದು ನಿಜ. ಆದರೆ ಅಸ್ಥಿಯಿಲ್ಲದ ಹವಳ ದಿಬ್ಬ ಕಟ್ಟುವುದಿಲ್ಲ. ದಿಬ್ಬವಿಲ್ಲದೆ ಸಂದುಗೊಂದುಗಳಿಲ್ಲ, ಸಂದುಗೊಂದುಗಳಿಲ್ಲದೆ ಮೀನುಮರಿ, ಏಡಿ, ಶಂಖಗಳಿಗೆ ನೆಲೆಯಿಲ್ಲ. ಮೇಸ್ತ್ರಿ ಬದುಕಿದ, ಊರು ಹಾಳಾಯಿತು. ಮರಳಿ ಬಂದ ಮೇಲೂ ಹೊಸ ಹವಳ ತಕ್ಷಣ ಯಜಮಾನನಾಗಲಿಲ್ಲ. ಡಾಲಮೈಟ್ಸ್ ದಿಬ್ಬಗಳಲ್ಲೂ ಹೆಚ್ಚಿನ ಕೆಲಸ ಸೂಕ್ಷ್ಮಜೀವಿಗಳದ್ದು, ಸ್ಪಂಜುಗಳದ್ದು. ಹವಳವೇ ಮುಖ್ಯ ಮೇಸ್ತ್ರಿಯಾದ ದೊಡ್ಡ ದಿಬ್ಬಗಳನ್ನು ಕಾಣಲು ಆಸ್ಟ್ರಿಯಾದ ಡಾಖ್‌ಸ್ಟೈನ್ ಬೆಟ್ಟಗಳಿಗೆ ಹೋಗಬೇಕು. ಅವು ಅಳಿವಿನ ಸುಮಾರು 3 ಕೋಟಿ ವರ್ಷಗಳ ನಂತರದವು. ಆ ಸಂಭ್ರಮವೂ ಉಳಿಯಲಿಲ್ಲ. 20.1 ಕೋಟಿ ವರ್ಷಗಳ ಹಿಂದೆ ಅಟ್ಲಾಂಟಿಕ್ ಸಾಗರ ಬಾಯ್ದೆರೆಯುವ ಮುನ್ನ ಮತ್ತೆ ಲಾವಾ ಉಕ್ಕಿತು, ಮತ್ತೆ ಇಂಗಾಲ ಗಾಳಿ ಸೇರಿತು, ಹವಳದ ದಿಬ್ಬಗಳು ಮತ್ತೆ ಕುಸಿದವು.

ಗೋಲಗುಮ್ಮಟದ ಕಲ್ಲು, ಲಕ್ಷದ್ವೀಪದ ಮರಳು

ಇಲ್ಲಿಂದ ಕತೆ ನಮ್ಮ ನೆಲಕ್ಕೆ ಬರುತ್ತದೆ. ವಿಜಯಪುರದ ಗೋಲಗುಮ್ಮಟದ ಗೋಡೆ ಮುಟ್ಟಿದವರು ಮುಟ್ಟಿದ್ದು ಬಸಾಲ್ಟ್, ಅಂದರೆ ಆರಿದ ಲಾವಾ. ಉತ್ತರ ಕರ್ನಾಟಕದ ಕಪ್ಪು ಎರೆಭೂಮಿಯ ಬಹುಭಾಗ ಅದೇ ಕಲ್ಲು ಕರಗಿ ಆದ ಮಣ್ಣು. ಬಿಳಿಜೋಳ ಬೆಳೆಯುವ ಆ ಹೊಲಗಳ ಅಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೊಮೀಟರ್ ನೆಲ ಅದರಡಿ ಇದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಅದರ ಒಟ್ಟು ದಪ್ಪ 2 ಕಿಲೊಮೀಟರಿಗೂ ಹೆಚ್ಚು.

ಈ ಲಾವಾ ಹರಿಯುತ್ತಿದ್ದ ಕಾಲದಲ್ಲೇ ಮೆಕ್ಸಿಕೊದ ಯುಕಟಾನ್ ತೀರಕ್ಕೆ ಕ್ಷುದ್ರಗ್ರಹ ಬಡಿಯಿತು. ಆ ಕುಳಿಯ ಅಗಲ ಸುಮಾರು 180 ಕಿಲೊಮೀಟರ್. ಡೈನೊಸಾರ್‌ಗಳ ಅಂತ್ಯದ ಕತೆ ಎಲ್ಲರಿಗೂ ಗೊತ್ತು. ಕಡಲೊಳಗೆ ಆದದ್ದು ಅಷ್ಟು ಗೊತ್ತಿಲ್ಲ. ಆಗ ಬೆಚ್ಚನೆಯ ತಿಳಿಗಡಲುಗಳಲ್ಲಿ ಹವಳವನ್ನು ಬದಿಗೆ ಸರಿಸಿ ಹಬ್ಬಿದ್ದು ರುಡಿಸ್ಟ್ ಎಂಬ ಜೋಡಿಚಿಪ್ಪಿನ ಜೀವಿ. ಒಂದು ಚಿಪ್ಪು ಕೊಂಬಿನಂತೆ ನೆಟ್ಟಗೆ ಬೆಳೆದು, ಇನ್ನೊಂದು ಮುಚ್ಚಳವಾಗುತ್ತಿತ್ತು. ಕೆಲವು ಒಂದು ಮೀಟರಿಗೂ ಹೆಚ್ಚು ಎತ್ತರ. ಕ್ರಿಟೇಶಿಯಸ್ ಎಂಬ ಆ ಯುಗ ಮುಗಿಯುವಷ್ಟರಲ್ಲಿ ರುಡಿಸ್ಟ್‌ಗಳು ಪೂರ್ತಿ ಇಲ್ಲವಾದವು; ತಮಿಳುನಾಡಿನ ಅರಿಯಲೂರಿನ ಕಲ್ಲುಗಳಲ್ಲಿ ಹೇರಳವಾಗಿ ಸಿಗುವ ಸುರುಳಿಚಿಪ್ಪಿನ ಅಮೊನೈಟ್‌ಗಳೂ ಇಲ್ಲವಾದವು. ಹವಳಗಳಲ್ಲಿ ಪಾಚಿಯನ್ನು ನೆಚ್ಚಿಕೊಂಡು ಬೆಳಕಿನಲ್ಲಿ ಬದುಕುತ್ತಿದ್ದವಕ್ಕೆ ಹೆಚ್ಚು ಏಟು ಬಿತ್ತು. ಆಳದ ಕತ್ತಲಿಗೆ ಒಗ್ಗಿದವು ಹೆಚ್ಚು ಉಳಿದವು. ಕಡಲಿನ ಈ ದುರಂತದಲ್ಲಿ ಮುಖ್ಯ ಅಪರಾಧಿ ಕ್ಷುದ್ರಗ್ರಹವೇ ಎಂಬುದು ಹೆಚ್ಚಿನವರ ಅಭಿಪ್ರಾಯ. ದಖ್ಖನ್ ಲಾವಾದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ.

ಆದರೆ ಆ ಬೆಂಕಿಯ ಮುಂದಿನ ಅಧ್ಯಾಯ ಬೇರೆಯೇ ಇದೆ. ಭಾರತದ ನೆಲ ಉತ್ತರಕ್ಕೆ ಸರಿಯುತ್ತಿತ್ತು. ಅಡಿಯಲ್ಲಿದ್ದ ಕುಲುಮೆ ಅಲ್ಲೇ ಉಳಿಯಿತು. ನೆಲ ಸರಿದಂತೆ ಅದು ಕಡಲ ತಳದಲ್ಲಿ ಜ್ವಾಲಾಮುಖಿಗಳ ಸಾಲನ್ನೇ ಎಬ್ಬಿಸುತ್ತ ಹೋಯಿತು: ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಎಂದು ದಕ್ಷಿಣಕ್ಕೆ ಸಾಗುವ ಏಣು. 1987ರಲ್ಲಿ ಸಾಗರ ಕೊರೆತದ ಹಡಗು ಮಾಲ್ಡೀವ್ಸ್ ಬಳಿ ತಳ ಕೊರೆದಾಗ ಸುಣ್ಣದಕಲ್ಲಿನ ಅಡಿ ಸುಮಾರು 5.7 ಕೋಟಿ ವರ್ಷ ಹಳೆಯ ಬಸಾಲ್ಟ್ ಸಿಕ್ಕಿತು. ಇದೇ ಕುಲುಮೆ ಇಂದು ರಿಯೂನಿಯನ್ ದ್ವೀಪದಲ್ಲಿ ಉರಿಯುತ್ತಿದೆ. ಜ್ವಾಲಾಮುಖಿ ಆರಿ ಮೆಲ್ಲಗೆ ಮುಳುಗುತ್ತ ಹೋದರೆ ಅದರ ಅಂಚಿನ ಹವಳ ಬೆಳಕಿಗಾಗಿ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ, ಕೊನೆಗೆ ಬಳೆಯಾಕಾರದ ದ್ವೀಪ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಬರೆದಿದ್ದ. ಗೋಲಗುಮ್ಮಟದ ಕಪ್ಪು ಕಲ್ಲಿಗೂ, ಆ ಬಳೆದ್ವೀಪಗಳ ಬಿಳಿ ಮರಳಿಗೂ ಹೀಗೆ ಒಂದೇ ಕುಲುಮೆಯ ನಂಟು.

ಪಿರಮಿಡ್ಡಿನ ಬೇಳೆ

ಎಲ್ಲ ಸಂಕಟವೂ ಮಹಾ ಅಳಿವಿನ ರೂಪದಲ್ಲೇ ಬರುವುದಿಲ್ಲ. 5.6 ಕೋಟಿ ವರ್ಷಗಳ ಹಿಂದೆ ಭೂಮಿ ಕೆಲವೇ ಸಾವಿರ ವರ್ಷಗಳಲ್ಲಿ 5ರಿಂದ 6 ಡಿಗ್ರಿ ಬಿಸಿಯಾಯಿತು. ಆಳಗಡಲಿನ ತಳದ ಸೂಕ್ಷ್ಮಜೀವಿಗಳಲ್ಲಿ ಶೇ 30ರಿಂದ 50ರಷ್ಟು ಪ್ರಭೇದಗಳು ಅಳಿದವು. ಹವಳದ ವಂಶಗಳು ಆಗ ಸಾರಾಸಗಟಾಗಿ ಅಳಿಯಲಿಲ್ಲ. ಆದರೆ ಹಳೆಯ ಟೆಥಿಸ್ ಸಾಗರದ ಅಂಚಿನ ಹಲವು ಕಡೆ ಅವು ದಿಬ್ಬ ಕಟ್ಟುವುದನ್ನು ಬಿಟ್ಟವು. ಆ ಜಾಗವನ್ನು ನಾಣ್ಯದ ಆಕಾರದ ಏಕಕೋಶ ಜೀವಿಗಳು ತುಂಬಿದವು. ಅವೇ ನುಮ್ಮುಲೈಟ್‌ಗಳು. ಅವುಗಳ ನಂತರದ ಪೀಳಿಗೆಗಳಿಂದಾದ ಸುಣ್ಣದಕಲ್ಲಿನಲ್ಲೇ ಈಜಿಪ್ಟಿನ ಗೀಜಾ ಪಿರಮಿಡ್ಡುಗಳನ್ನು ಕಟ್ಟಲಾಗಿದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದ ಸ್ಟ್ರೇಬೊ ಎಂಬ ಗ್ರೀಕ್ ಭೂಗೋಳಜ್ಞ, ಕಲ್ಲಿನ ಚೂರುಗಳಲ್ಲಿ ಬೇಳೆಯಂಥ ಕಾಳುಗಳನ್ನು ಕಂಡು, ಕೂಲಿಯಾಳುಗಳು ತಿಂದು ಬಿಟ್ಟ ಊಟ ಕಲ್ಲಾಗಿದೆಯೆಂದು ಜನ ಹೇಳುವುದನ್ನು ದಾಖಲಿಸಿದ್ದಾನೆ.

5.6 ಕೋಟಿ ವರ್ಷಗಳ ಹಿಂದಿನ ಆ ಬಿಸಿಯನ್ನು ವಿಜ್ಞಾನಿಗಳು ಇಂದು ಮತ್ತೆ ಮತ್ತೆ ಕೆದಕುವುದಕ್ಕೆ ಕಾರಣ ಅದರ ವೇಗ. ರಿಚರ್ಡ್ ಜೀಬೆ ಮತ್ತು ಸಂಗಡಿಗರು 2016ರಲ್ಲಿ ಹಾಕಿದ ಲೆಕ್ಕದಂತೆ ಆಗ ವರ್ಷಕ್ಕೆ ಗಾಳಿ ಸೇರಿದ ಇಂಗಾಲ ಹೆಚ್ಚೆಂದರೆ ಸುಮಾರು 1.1 ಶತಕೋಟಿ ಟನ್. ಈಗ ನಾವು ಸೇರಿಸುತ್ತಿರುವುದು ಸುಮಾರು 10 ಶತಕೋಟಿ ಟನ್. ಬದಲಾವಣೆ ನಿಧಾನವಾದರೆ ಕಡಲ ತಳದ ಹಳೆಯ ಸುಣ್ಣ ಕರಗಿ ಆಮ್ಲವನ್ನು ತಣಿಸುತ್ತದೆ, ಜೀವಿಗಳಿಗೆ ತಂಪಿನ ಕಡೆ ಸರಿಯಲು ಹೊತ್ತು ಸಿಗುತ್ತದೆ. ಅವಸರದಲ್ಲಿ ಈ ಎರಡೂ ಇಲ್ಲ.

ಯಾರಿಗೆ ಕಾಯುವ ವ್ಯವಧಾನ?

2023ರಲ್ಲಿ ಶುರುವಾದ ಜಾಗತಿಕ ಹವಳ ಬಿಳಿಚುವಿಕೆ ದಾಖಲೆಯಾದವುಗಳಲ್ಲಿ ನಾಲ್ಕನೆಯದು, ಅತಿ ವ್ಯಾಪಕವಾದದ್ದೂ ಅದೇ. ಜಗತ್ತಿನ ಹವಳ ದಿಬ್ಬಗಳ ಶೇ 80ಕ್ಕೂ ಹೆಚ್ಚು ಪ್ರದೇಶಕ್ಕೆ ಆ ಬಿಸಿ ತಟ್ಟಿದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹವಳ ಬಿಳಿಚಿಕೊಂಡಿತು. ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ನೀರಿಗಿಳಿದು ಅಳೆಯುತ್ತ ಬಂದ ಸಂಶೋಧಕರ ಪ್ರಕಾರ, 1998ರಲ್ಲಿದ್ದ ಜೀವಂತ ಹವಳದ ಹರವು ಈಗ ಸುಮಾರು ಅರ್ಧಕ್ಕೆ ಇಳಿದಿದೆ. ಒಂದು ಏಟಿನಿಂದ ಏಳುವಷ್ಟರಲ್ಲಿ ಇನ್ನೊಂದು ಬೀಳುತ್ತಿದೆ. ನಮ್ಮ ಮುರುಡೇಶ್ವರದಿಂದ ಸುಮಾರು 19 ಕಿಲೊಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಆ ಕಡಲೂ ಇದೇ ಅರಬ್ಬಿ ಸಮುದ್ರ.

ಜಾಗತಿಕ ತಾಪಮಾನ ಕೈಗಾರಿಕೆಗಳ ಪೂರ್ವದ ಮಟ್ಟಕ್ಕಿಂತ 1.5 ಡಿಗ್ರಿ ಏರಿದರೆ ಉಷ್ಣವಲಯದ ಹವಳ ದಿಬ್ಬಗಳಲ್ಲಿ ಶೇ 70ರಿಂದ 90ರಷ್ಟು ಕುಸಿತ, 2 ಡಿಗ್ರಿಯಾದರೆ ಶೇ 99ಕ್ಕೂ ಹೆಚ್ಚು: ಇದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ತಂಡ 2018ರಲ್ಲಿ ಕೊಟ್ಟ ಎಚ್ಚರಿಕೆ. ಇದನ್ನು ಕೇಳಿದಾಗಲೆಲ್ಲ ಒಂದು ಸಮಾಧಾನದ ಮಾತು ಕೇಳಿಬರುತ್ತದೆ: ಭೂಮಿ ಇದಕ್ಕಿಂತ ದೊಡ್ಡದನ್ನು ಕಂಡಿದೆ, ಹವಳ ಮರಳಿ ಬಂದೇ ಬರುತ್ತದೆ. ಮಾತು ಸುಳ್ಳಲ್ಲ. ಪ್ರತಿ ಸಲವೂ ದಿಬ್ಬ ಮರಳಿದೆ, ಮೇಸ್ತ್ರಿ ಯಾರೇ ಆಗಿರಲಿ. ಆದರೆ ಮರಳುವುದನ್ನು ಕಾಯುವುದು ಯಾರು? ಮೀನುಗಾರನೇ, ಬಳೆದ್ವೀಪದಲ್ಲಿ ಮನೆ ಕಟ್ಟಿಕೊಂಡವನೇ? ಅಲೆ ತಡೆಯುವ ದಿಬ್ಬ ಕುಸಿದರೆ ಲಕ್ಷದ್ವೀಪದವರ ನೆಲವೇ ನಿಲ್ಲುವುದಿಲ್ಲ. ಹವಳ ಬೆತ್ತಲೆಯಾಗಿ ಬದುಕಬಲ್ಲದು. ಅದರ ಮೇಲೆ ಊರು ಕಟ್ಟಿಕೊಂಡವರು ಬದುಕಲಾರರು.

ಆಧುನಿಕ ಮನುಷ್ಯನ ಒಟ್ಟು ವಯಸ್ಸು ಸುಮಾರು 3 ಲಕ್ಷ ವರ್ಷ. ಮೈಶಾನ್ ಮತ್ತು ಗುರ್ಯುಲ್‌ನ ಕಲ್ಲುಗಳ ಮೇಲಿನ ಹವಳವಿಲ್ಲದ ಅವಧಿ ಕನಿಷ್ಠ 50 ಲಕ್ಷ ವರ್ಷ. ಮೊದಲ ಬೇಟೆಗಾರನಿಂದ ಇಂದಿನವರೆಗಿನ ನಮ್ಮ ಇಡೀ ಚರಿತ್ರೆಯನ್ನು ಹದಿನಾರು ಸಲ ಒಂದರ ಪಕ್ಕ ಒಂದಿಟ್ಟರೂ ಆ ಖಾಲಿ ಜಾಗ ತುಂಬುವುದಿಲ್ಲ.